ಸೈಡ್ ರಿದಮ್

ಕರ್ನಾಟಕದ ಯಾವ ಊರಿಗೆ ಹೋದರೂ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ ಶಂಕರ್‌ನಾಗ್ ಆಟೊ ನಿಲ್ದಾಣ ಅಂತ ಒಂದು ಬೋರ್ಡು ಕಣ್ಣಿಗೆ ಬೀಳುತ್ತದೆ. 1980ರ ‘ಆಟೋ ರಾಜ’ದಲ್ಲಿ ಖಾಕಿ ತೊಟ್ಟ ಒಂದೇ ಕಾರಣಕ್ಕೆ ಆಟೊದವರು ಆತನನ್ನು ತಮ್ಮವನನ್ನಾಗಿ ಮಾಡಿಕೊಂಡರು. ಮೂವತ್ತೈದಕ್ಕೇ ಆತ ಹೊರಟುಹೋದ ಮೇಲಂತೂ ಬಿಟ್ಟುಕೊಡುವ ಮಾತೇ ಇರಲಿಲ್ಲ. ನಮ್ಮ ಬಡಾವಣೆಯ ನಿಲ್ದಾಣದವರು ನವೆಂಬರ್ 9ರ ಹುಟ್ಟುಹಬ್ಬವನ್ನು ರಾಜ್ಯೋತ್ಸವಕ್ಕಿಂತ ಒಂದು ಕೈ ಮೇಲಾಗಿಯೇ ಮಾಡುತ್ತಾರೆ. ಬೆಳಿಗ್ಗೆ ಹಾರ, ಕೇಸರಿಬಾತು; ಸಂಜೆ ಪಾರ್ಕಿನ ಗೋಡೆಗೆ ಬಿಳಿ ಪರದೆ ಕಟ್ಟಿ ಒಂದು ಸಿನಿಮಾ. ಯಾವಾಗಲೂ ‘ಆಟೋ ರಾಜ’ನೇ. ಕಳೆದ ಸಲ ಮಾತ್ರ ನಿಲ್ದಾಣದ ಕಾರ್ಯದರ್ಶಿಯ ಮಗಳು, ಡಿಗ್ರಿ ಓದುತ್ತಿರುವ ಹುಡುಗಿ, ಹಟ ಹಿಡಿದು ‘ಗೀತಾ’ ಹಾಕಿಸಿದಳು.

‘ಗೀತಾ’ ಅಂದಕೂಡಲೇ ಕೆಲವರು ಗಣೇಶ್ ಸಿನಿಮಾ ಅಂದುಕೊಂಡು ಬಂದರು. 2019ರಲ್ಲಿ ಅದೇ ಹೆಸರಿನದೊಂದು ಬಂದಿತ್ತಲ್ಲ, ಗೋಕಾಕ್ ಚಳವಳಿಯ ಕಾಲದ್ದು. ‘ಜೊತೆಯಲಿ’ ಹಾಡಿರುವ ಸಿನಿಮಾ ಕಣ್ರೀ ಅಂದರೆ, ಹೆಂಗಸರಿಗೆ ಜೀ ಕನ್ನಡದ ಧಾರಾವಾಹಿ ನೆನಪಾಯಿತು. ಹಾಡಿನ ಹೆಸರನ್ನೇ ಇಟ್ಟುಕೊಂಡ ಆ ಧಾರಾವಾಹಿ ವರ್ಷಗಟ್ಟಲೆ ಓಡಿತು. ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ 1981ರ ‘ಗೀತಾ’ವನ್ನು ಪೂರ್ತಿ ನೋಡಿದವರು ಯಾರಾದರೂ ಇದ್ದೀರಾ ಅಂತ ಕಾರ್ಯದರ್ಶಿ ಮೈಕಿನಲ್ಲಿ ಕೇಳಿದರೆ ಎದ್ದ ಕೈಗಳು ತೀರಾ ಕಡಿಮೆ. ಹಾಡು ಗೊತ್ತಿದ್ದವರು ಕೈ ಎತ್ತಿ ಅಂದಿದ್ದರೆ ಪಾರ್ಕಿನ ಆಚೆ ಬೋಂಡ ಕರಿಯುತ್ತಿದ್ದವನೂ ಎತ್ತುತ್ತಿದ್ದ.

ಹಾಡುಗಳು ಸಿನಿಮಾವನ್ನೇ ನುಂಗಿಬಿಟ್ಟದ್ದಕ್ಕೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ‘ಜೊತೆಯಲಿ’ಯ ಟ್ಯೂನನ್ನು ಇಳಯರಾಜ 1984ರಲ್ಲಿ ತಮಿಳಿನ ‘ನೂರಾವತು ನಾಳ್’ಗೆ ಕೊಟ್ಟರು, 2007ರಲ್ಲಿ ಹಿಂದಿಯ ‘ಚೀನೀ ಕಮ್’ಗೆ ಕೊಟ್ಟರು. ರಾಗ ಊರೂರು ತಿರುಗಿತು. ಅದು ಹುಟ್ಟಿದ ಸಿನಿಮಾವನ್ನು ಮಾತ್ರ ಯಾರೂ ವಿಚಾರಿಸಲಿಲ್ಲ. ಶಂಕರ್‌ನಾಗ್ ಬಗ್ಗೆ ಬರೆಯುವವರು ‘ಮಿಂಚಿನ ಓಟ’ಕ್ಕೆ ಒಂದು ಪುಟ, ‘ಆಕ್ಸಿಡೆಂಟ್’ಗೆ ಒಂದು ಪುಟ, ‘ಮಾಲ್ಗುಡಿ ಡೇಸ್’ಗೆ ಎರಡು ಪುಟ ಕೊಟ್ಟು, ‘ಗೀತಾ’ವನ್ನು ಇಂಪಾದ ಹಾಡುಗಳಿದ್ದ ಚಿತ್ರ ಅಂತ ಅರ್ಧ ಸಾಲಿನಲ್ಲಿ ದಾಟಿಬಿಡುತ್ತಾರೆ.

ಅದು ಅನ್ಯಾಯ ಅಂತ ನನಗೆ ಆ ಸಂಜೆ ಅನ್ನಿಸಿತು. ಆದರೆ ಅದಕ್ಕೂ ಮೊದಲು ನಡೆದದ್ದು ಬೇರೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಪರದೆಯ ಮೇಲೆ ಮೊದಲ ಹಾಡು ಶುರುವಾದದ್ದೇ ನನ್ನ ಬಲಗೈ ತೊಡೆಯ ಮೇಲೆ ತಾನಾಗಿ ಆಡತೊಡಗಿತು. ಪಕ್ಕದಲ್ಲಿದ್ದ ಹೆಂಡತಿ ನೋಡಿ, “ಏನ್ರೀ, ನಡುಗ್ತಿದೆಯಾ?” ಅಂದಳು. ಈ ವಯಸ್ಸಿನಲ್ಲಿ ಕೈ ಅಲ್ಲಾಡಿದರೆ ಮನೆಯವರಿಗೆ ಬರುವ ಯೋಚನೆಯೇ ಬೇರೆ. ನಡುಕ ಅಲ್ಲ, ಅದು ಮರಾಕಸ್.

ಆರ್ಕೆಸ್ಟ್ರಾದಲ್ಲಿ ಸೈಡ್ ರಿದಮ್ ಅಂತ ಒಂದು ಕೆಲಸ ಇತ್ತು. ತಬಲ, ಢೋಲಕ್, ಕಾಂಗೊ ಬಾರಿಸುವವರು ಮುಖ್ಯ ರಿದಮ್ಮಿನವರು, ಅವರಿಗೆ ಮರ್ಯಾದೆ ಬೇರೆ. ಅವರ ಪಕ್ಕದ ಮುರುಕು ಬೆಂಚಿನ ಮೇಲೆ ಟ್ಯಾಂಬೊರಿನ್, ಟ್ರಯಾಂಗಲ್, ಗೆಜ್ಜೆ, ಮರದ ಬ್ಲಾಕು, ಬೋರ್ನ್‌ವಿಟಾ ಡಬ್ಬಿಗೆ ಹುರುಳಿಕಾಳು ತುಂಬಿ ಮಾಡಿಕೊಂಡ ಮರಾಕಸ್, ಇಷ್ಟನ್ನೂ ಹರಡಿಕೊಂಡು ಒಬ್ಬ ಹುಡುಗ ಕೂತಿರುತ್ತಾನೆ. ಹಾಡು ಹಾಡಿಗೂ ಬೇಕಾದ್ದನ್ನು ಎತ್ತಿಕೊಳ್ಳಬೇಕು, ಬೇಡವಾದಾಗ ಸದ್ದಾಗದಂತೆ ಇಡಬೇಕು. ಎತ್ತುವುದಕ್ಕಿಂತ ಇಡುವುದೇ ಕಷ್ಟ; ಟ್ಯಾಂಬೊರಿನ್ ಇಟ್ಟಾಗ ಝಲ್ ಅಂದರೆ ತಬಲದವನು ಅಲ್ಲಿಂದಲೇ ಕಣ್ಣು ಬಿಡುತ್ತಿದ್ದ. ಪಿಯುಸಿ ಮೊದಲ ವರ್ಷದಲ್ಲಿದ್ದಾಗ ನಾನು ಆ ಹುಡುಗನಾದೆ. ಲೆಕ್ಚರರುಗಳಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ.

ಭದ್ರಾವತಿ ಆಕಾಶವಾಣಿ ಖರಖರ ಇಲ್ಲದೆ ಕೇಳುತ್ತಿದ್ದಷ್ಟು ದೂರದ ಊರು ನಮ್ಮದು. ಒಂದು ಟಾಕೀಸು, ಎರಡು ಅಕ್ಕಿ ಗಿರಣಿ, ಒಂದು ಆರ್ಕೆಸ್ಟ್ರಾ. ಆಗ ಎಲ್ಲ ಆರ್ಕೆಸ್ಟ್ರಾಗಳ ಹೆಸರಿನಲ್ಲೂ ಮೆಲೋಡಿ ಅನ್ನುವ ಪದ ಇರಲೇಬೇಕಿತ್ತು, ನಮ್ಮದರಲ್ಲೂ ಇತ್ತು. ಯಜಮಾನರು ಅಕಾರ್ಡಿಯನ್ ನುಡಿಸುತ್ತಿದ್ದರು, ಹಗಲು ಹೊತ್ತು ಟೈಲರು. ಅಂಗಡಿಯ ಹಿಂಭಾಗದಲ್ಲಿ ಬಟ್ಟೆಯ ತುಂಡುಗಳ ನಡುವೆಯೇ ಪ್ರಾಕ್ಟೀಸು. ಮೀಟರ್ ಬಡ್ಡಿಗೆ ತಂದ ಹಣದಲ್ಲಿ ಆಹುಜಾ ಆಂಪ್ಲಿಫಯರು, ಎರಡು ಕಾಲಮ್ಮು, ಮೂರು ಮೈಕು ಮಾಡಿಕೊಂಡಿದ್ದರು. ಮೂರರಲ್ಲಿ ಒಂದು ಮೈಕನ್ನು ಮುಟ್ಟಿದರೆ ಶಾಕ್ ಹೊಡೆಯುತ್ತಿತ್ತು. ಅದನ್ನು ಮಾತ್ರ ಹಾಡುವವರಿಗೆ ಕೊಡದೆ ಭಾಷಣ ಮಾಡಲು ಬರುವ ಮುಖ್ಯ ಅತಿಥಿಗಳಿಗೆ ಮೀಸಲಿಡುತ್ತಿದ್ದರು. ಭಾಷಣ ಚಿಕ್ಕದಾಗುತ್ತೆ ಅನ್ನುವುದು ಅವರ ಲೆಕ್ಕ.

ನಾನು ಸೇರುವ ಹೊತ್ತಿಗೆ ಆರ್ಕೆಸ್ಟ್ರಾ ಅಂದರೆ ಹೆಚ್ಚು ಪಾಲು ಹಿಂದಿ ಹಾಡು. ಕಿಶೋರ್ ಕುಮಾರ್ ಇಲ್ಲದೆ ಗಣಪತಿ ನೀರಿಗೆ ಇಳಿಯುತ್ತಿರಲಿಲ್ಲ. 1982ರ ಗೋಕಾಕ್ ಚಳವಳಿ ನಮ್ಮ ಊರಿನ ಪೆಂಡಾಲುಗಳಲ್ಲಿ ಅದನ್ನು ಬದಲಿಸಿತು. ಆ ವರ್ಷ ಗಣೇಶೋತ್ಸವದ ಹುಡುಗರು ಅಡ್ವಾನ್ಸ್ ಕೊಡುವಾಗಲೇ, ಕನ್ನಡದ್ದು ಜಾಸ್ತಿ ಇರಬೇಕು ಅಂತ ಷರತ್ತು ಹಾಕಿದರು. ರಾಜ್‌ಕುಮಾರ್ ಹಾಡುಗಳು ಇದ್ದವು, ಆದರೆ ಗಿಟಾರು ಹಿಡಿದು ಕುಣಿದು ಹಾಡುವಂಥ ಕನ್ನಡ ಹಾಡು ಬೇಕಿತ್ತು. ಹಾಗೆ ನಮ್ಮ ಲಿಸ್ಟಿನೊಳಗೆ ಬಂದದ್ದು ‘ಗೀತಾ’.

ಚಿ. ಉದಯಶಂಕರ್ ಬರೆದ ಸಾಹಿತ್ಯ ನಾಲ್ಕಾಣೆಯ ಹಾಡಿನ ಪುಸ್ತಕದಲ್ಲಿ ಸಿಕ್ಕಿಬಿಡುತ್ತಿತ್ತು. ಸಂಗೀತ ಸಿಗಬೇಕಲ್ಲ. ಕ್ಯಾಸೆಟ್ಟನ್ನು ಮುಂದೆ ಓಡಿಸಿ, ಹಿಂದೆ ಓಡಿಸಿ, ಒಂದೊಂದು ತುಣುಕನ್ನೂ ಕಿವಿಯಿಂದ ಕೀಳಬೇಕು. ಹಾಡಿನ ನಡುವೆ ಬರುವ ವಾದ್ಯಭಾಗವನ್ನು ನಾವು ಬಿಜಿಎಂ ಅನ್ನುತ್ತಿದ್ದೆವು, ಈಗಲೂ ಆರ್ಕೆಸ್ಟ್ರಾದವರು ಹಾಗೇ ಅನ್ನುತ್ತಾರೆ. ಇಳಯರಾಜರ ಬಿಜಿಎಂ ಅಂದರೆ ಯಜಮಾನರು ಕೈಮುಗಿಯುತ್ತಿದ್ದರು. ಆ ಮನುಷ್ಯ ನಮ್ಮ ಜಿ.ಕೆ. ವೆಂಕಟೇಶ್ ಕೈಕೆಳಗೆ ಕನ್ನಡ ಹಾಡುಗಳಿಗೇ ದುಡಿದವರು, ಕೆಲಸ ಕಲಿತದ್ದೇ ಇಲ್ಲಿ ಅಂತ ಹೆಮ್ಮೆಯಿಂದ ಹೇಳಿ, ಮರುಕ್ಷಣವೇ, “ಕಲಿತದ್ದನ್ನೆಲ್ಲ ಇಷ್ಟು ಜೋರಾಗಿ ತೋರಿಸಬೇಕಾ?” ಅಂತ ಬೈಯುತ್ತಿದ್ದರು. ಅಲ್ಲಿ ಪಿಟೀಲುಗಳ ದಂಡೇ ನುಡಿಯುತ್ತದೆ, ಅದರ ಕೆಳಗೆ ಬೇಸ್ ಗಿಟಾರ್ ತನ್ನದೇ ಬೇರೊಂದು ಹಾಡು ಹೇಳಿಕೊಂಡು ಹೋಗುತ್ತದೆ. ನಮ್ಮಲ್ಲಿ ಇದ್ದದ್ದು ಒಂದು ಅಕಾರ್ಡಿಯನ್ನು, ಒಂದು ರಿದಮ್ ಗಿಟಾರು. ಪಿಟೀಲಿನದ್ದೆಲ್ಲ ಅಕಾರ್ಡಿಯನ್‌ಗೆ ಬಂತು. ಬೇಸ್ ಯಾರಿಗೂ ಬರಲಿಲ್ಲ.

ಇನ್ನೊಂದು ಪೇಚು. ಟೇಪ್ ರೆಕಾರ್ಡರಿನ ಸೆಲ್ಲು ಕುಗ್ಗಿದರೆ ಟೇಪು ನಿಧಾನವಾಗುತ್ತದೆ, ನಿಧಾನವಾದರೆ ಶ್ರುತಿ ಇಳಿಯುತ್ತದೆ. ಹೊಸ ಸೆಲ್ಲಿಗೆ ದುಡ್ಡಿಲ್ಲದ ಆ ದಿನಗಳಲ್ಲಿ ‘ಗೀತಾ’ದ ಹಾಡುಗಳನ್ನು ನಾವು ಕಲಿತದ್ದೇ ಅರ್ಧ ಮನೆ ಕೆಳಗೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಎಷ್ಟು ಗಂಭೀರವಾಗಿ ಹಾಡಿದ್ದಾರೆ ಅಂತ ಮೆಚ್ಚಿಕೊಂಡಿದ್ದೆವು. ಟಾಕೀಸಿನ ಹಾರ್ನಿನಲ್ಲಿ ಅದೇ ಹಾಡು ಕೇಳಿದಾಗ ಇಡೀ ಹಾಡು ಪಟಪಟ ಓಡುತ್ತಿತ್ತು. ನಮ್ಮೂರ ಜನಕ್ಕೆ ಮಾತ್ರ ನಮ್ಮ ನಿಧಾನದ್ದೇ ರೂಢಿಯಾಯಿತು. ಪಾರ್ಕಿನ ಪರದೆಯಲ್ಲಿ ಹಾಡು ಬಂದಾಗ ನನ್ನ ಕೈ ಒಂದು ಗೆರೆ ಹಿಂದೆ ಬೀಳುತ್ತಿದ್ದುದಕ್ಕೆ ವಯಸ್ಸು ಕಾರಣವಲ್ಲ.

ನಮ್ಮ ಮುಖ್ಯ ಗಾಯಕ ಕೆಇಬಿಯಲ್ಲಿ ದಿನಗೂಲಿಯವನು. ಕಂಬ ಹತ್ತುತ್ತಿದ್ದ. ಕಂಠ ನಿಜಕ್ಕೂ ಚೆನ್ನಾಗಿತ್ತು. ಅದಕ್ಕಿಂತ ಚೆನ್ನಾಗಿ ತಲೆಗೂದಲು ಬಿಟ್ಟಿದ್ದ. ‘ಗೀತಾ’ ಬಂದ ಮೇಲೆ ಶಂಕರ್‌ನಾಗ್ ಥರ ಗಡ್ಡದ ಗೆರೆ ಬಿಟ್ಟ, ಒಂದು ಕೈಯಲ್ಲಿ ಮೈಕಿನ ವೈರು ಸುತ್ತಿಕೊಂಡು ವೇದಿಕೆಯ ಆ ತುದಿಯಿಂದ ಈ ತುದಿಗೆ ನಡೆಯುವುದನ್ನು ಕಲಿತ. ನಡೆಯುವಾಗ ವೈರು ನನ್ನ ಬೆಂಚಿಗೆ ಸಿಕ್ಕಿಕೊಳ್ಳುತ್ತಿತ್ತು. ಒಂದು ಕೈಯಲ್ಲಿ ಮರಾಕಸ್ ಅಲ್ಲಾಡಿಸುತ್ತ ಇನ್ನೊಂದು ಕೈಯಲ್ಲಿ ವೈರು ಬಿಡಿಸುವುದೂ ಸೈಡ್ ರಿದಮ್ಮಿನವನ ಕೆಲಸ. ‘ಸಂತೋಷಕ್ಕೆ’ ಹಾಡಿಗೆ ಒನ್ಸ್ ಮೋರ್ ಬಾರದ ಊರಿರಲಿಲ್ಲ. ಎರಡು ರೂಪಾಯಿ ನೋಟಿಗೆ ಗುಂಡುಸೂಜಿ ಚುಚ್ಚಿ ಅವನ ಅಂಗಿಗೆ ಸಿಕ್ಕಿಸುತ್ತಿದ್ದರು. ಇಳಿದ ಮೇಲೆ ಆ ನೋಟುಗಳನ್ನು ಅವನು ಯಾರಿಗೂ ಕೊಡುತ್ತಿರಲಿಲ್ಲ, ಅಂಗಿಗೆ ತೂತು ಬಿದ್ದದ್ದು ನಂದಲ್ವಾ ಅನ್ನುತ್ತಿದ್ದ.

ತೊಂದರೆ ಇದ್ದದ್ದು ಯುಗಳಗೀತೆಗೆ. ಫೀಮೇಲ್ ಸಿಂಗರ್ ಎಲ್ಲಿಂದ ತರುವುದು? ನಮ್ಮೂರಲ್ಲಿ ಹಾಡುವ ಹೆಣ್ಣುಮಕ್ಕಳು ಬೇಕಾದಷ್ಟಿದ್ದರು, ದೇವರನಾಮಕ್ಕೆ, ಹಸೆಗೆ, ಸ್ಕೂಲ್ ಡೇಗೆ. ಗಣಪತಿ ಪೆಂಡಾಲಿನಲ್ಲಿ ರಾತ್ರಿ ಹನ್ನೊಂದಕ್ಕೆ ಗಂಡಸಿನ ಪಕ್ಕ ನಿಂತು ಪ್ರೇಮಗೀತೆ ಹಾಡಲು ಯಾರ ಮನೆಯವರು ಕಳಿಸುತ್ತಾರೆ? ಒಂದಷ್ಟು ಕಾಲ ಕಾಂಗೊದವನೇ ಹೆಣ್ಣುದನಿಯಲ್ಲಿ ಎಸ್. ಜಾನಕಿಯ ಭಾಗ ಹಾಡುತ್ತಿದ್ದ. ಚೆನ್ನಾಗಿಯೇ ಹಾಡುತ್ತಿದ್ದ, ಜನ ನಗುತ್ತಿದ್ದರು ಅಷ್ಟೇ. ಕೊನೆಗೆ ಯಜಮಾನರು ಭದ್ರಾವತಿಯ ಕಾರ್ಖಾನೆ ವಠಾರದಿಂದ ಒಬ್ಬಳನ್ನು ಹುಡುಕಿ ತಂದರು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ತೀರಿಕೊಂಡಿದ್ದರು, ಮನೆಮಾತು ತಮಿಳು, ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ. ಅಮ್ಮ ಜೊತೆಗೆ ಬರುತ್ತಿದ್ದರು. ಅಮ್ಮ ಬಾರದಿದ್ದರೆ ಅವಳೂ ಇಲ್ಲ.

ಅವಳು ಕನ್ನಡ ಓದುತ್ತಿರಲಿಲ್ಲ. ನಾನು ಸಾಹಿತ್ಯ ಹೇಳಬೇಕು, ಅವಳು ತಮಿಳು ಲಿಪಿಯಲ್ಲಿ ಬರೆದುಕೊಳ್ಳಬೇಕು. ತಮಿಳು ಲಿಪಿಯಲ್ಲಿ ಗ-ಕ, ದ-ತ ಒಂದೇ ಅಕ್ಷರವಾದ್ದರಿಂದ ಅವಳು ಎಲ್ಲೆಲ್ಲಿ ಮೆತ್ತಗೆ ಅನ್ನಬೇಕೋ ಅಲ್ಲಿ ಸಣ್ಣ ಚುಕ್ಕಿ ಇಟ್ಟುಕೊಳ್ಳುತ್ತಿದ್ದಳು. ಆ ಚುಕ್ಕಿಗಳಲ್ಲಿ ಒಂದೂ ತಪ್ಪುತ್ತಿರಲಿಲ್ಲ. ಟ್ಯೂನು ಮಾಡಿದವರು ತಮಿಳರು, ಹಾಡಿದ ಇಬ್ಬರೂ ತೆಲುಗರು, ಆ ಹಾಡನ್ನು ನಮ್ಮೂರಿನ ಕನ್ನಡಾಭಿಮಾನದ ಪೆಂಡಾಲಿನಲ್ಲಿ ಮೆರೆಸಿದವಳು ಚುಕ್ಕಿ ಇಟ್ಟುಕೊಂಡು ಕನ್ನಡ ಉಚ್ಚರಿಸುವ ಹುಡುಗಿ. ಷರತ್ತು ಹಾಕಿದ್ದ ಗಣಪತಿ ಕಮಿಟಿಯ ಹುಡುಗರೇ ಅವಳ ಹಾಡಿಗೆ ಮೊದಲು ಶಿಳ್ಳೆ ಹಾಕಿದವರು.

ನಾವೆಲ್ಲರೂ ಅವಳನ್ನು ಪ್ರೀತಿಸಿದೆವು ಅಂದರೆ ಸುಳ್ಳಾಗುತ್ತದೆ. ನಾವೆಲ್ಲರೂ ಆ ಹಾಡಿನಲ್ಲಿದ್ದ ಹುಡುಗಿಯನ್ನು ಪ್ರೀತಿಸಿದೆವು, ಅವಳು ಇವಳೇ ಅಂದುಕೊಂಡೆವು. ಕಂಬ ಹತ್ತುವ ಗಾಯಕನಿಗೆ ಅದು ಇನ್ನೂ ಜೋರಾಗಿತ್ತು. ಯುಗಳಗೀತೆ ಹಾಡುವಾಗ ಅವಳ ಕಡೆ ತಿರುಗಿ ನಿಲ್ಲುತ್ತಿದ್ದ. ಅವಳು ಜನರ ಕಡೆಗೂ ನೋಡದೆ, ಅವನ ಕಡೆಗೂ ನೋಡದೆ, ನೋಟ್‌ಬುಕ್ಕನ್ನೇ ನೋಡುತ್ತಿದ್ದಳು. ಹಾಡು ಬಾಯಿಪಾಠವಾಗಿದ್ದರೂ ನೋಟ್‌ಬುಕ್ ಬಿಡುತ್ತಿರಲಿಲ್ಲ. ಪುಸ್ತಕ ಇದ್ದರೆ ಕಣ್ಣಿಗೊಂದು ಜಾಗ ಅನ್ನುವುದು ನನ್ನ ಬೆಂಚಿನಿಂದ ಚೆನ್ನಾಗಿ ಕಾಣುತ್ತಿತ್ತು. ಸೈಡಿನಲ್ಲಿ ಕೂತವನಿಗೆ ಸಿಗುವ ಸವಲತ್ತು ಅದೊಂದೇ.

ದುಡ್ಡಿನ ವಿಷಯದಲ್ಲಿ ಅವಳೇ ಎಲ್ಲರಿಗಿಂತ ಮೇಲೆ. ಗಾಯಕನಿಗೆ ಐವತ್ತು, ತಬಲಕ್ಕೆ ನಲವತ್ತು, ನನಗೆ ಹದಿನೈದು ಮತ್ತು ಊಟ. ಅವಳಿಗೆ ಎಪ್ಪತ್ತೈದು, ಅಮ್ಮನ ಬಸ್ ಚಾರ್ಜು ಬೇರೆ. ಇದಕ್ಕೆ ಒಳಗೊಳಗೇ ಗೊಣಗಾಟ ಇತ್ತು. ಇಡೀ ರಾತ್ರಿ ಹಾಡೋದು ನಾನು, ಆರು ಹಾಡು ಹಾಡಿ ಹೋಗೋಳಿಗೆ ಜಾಸ್ತಿಯಾ ಅಂತ ಗಾಯಕ. ಯಜಮಾನರ ಉತ್ತರ ಒಂದೇ: “ಪೋಸ್ಟರಲ್ಲಿ ನಿನ್ನ ಹೆಸರು ತೆಗೆದು ನೋಡು, ಜನ ಬರ್ತಾರೆ. ಅವಳ ಹೆಸರು ತೆಗೆದು ನೋಡು.” ನಿಜ. ಬುಕಿಂಗಿಗೆ ಬಂದವರು ಕೇಳುತ್ತಿದ್ದ ಮೊದಲ ಪ್ರಶ್ನೆ, ಲೇಡಿ ಸಿಂಗರ್ ಇದಾರಾ ಅಂತಲೇ. ಆ ಪ್ರಶ್ನೆಯಲ್ಲಿ ಸಂಗೀತದ ಪಾಲು ಎಷ್ಟಿತ್ತು ಅನ್ನುವುದು ಅಮ್ಮ ಯಾಕೆ ಜೊತೆಗೆ ಬರುತ್ತಿದ್ದರು ಅನ್ನುವುದರಲ್ಲೇ ಗೊತ್ತಾಗುತ್ತದೆ. ಎಪ್ಪತ್ತೈದು ರೂಪಾಯಿಯಲ್ಲಿ ಹಾಡಿಗೆಷ್ಟು, ಕೂಗುಗಳನ್ನು ಕೇಳಿಸಿಕೊಳ್ಳದವಳ ಹಾಗೆ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದಕ್ಕೆಷ್ಟು ಅಂತ ಯಾರೂ ಬಿಡಿಸಿ ಲೆಕ್ಕ ಹಾಕಲಿಲ್ಲ.

ಪಾರ್ಕಿನ ಪರದೆಯ ಮುಂದೆ ಇವೆಲ್ಲ ಹೀಗೆ ಅಡಿಮೇಲಾಗಿ ಬರುತ್ತಿದ್ದಾಗ ಸಿನಿಮಾ ತನ್ನ ಪಾಡಿಗೆ ಓಡುತ್ತಿತ್ತು. ಪೆನ್‌ಡ್ರೈವಿನ ಪ್ರತಿ, ಬಣ್ಣ ಮಾಸಿತ್ತು. ವೇದಿಕೆಯ ಮೇಲೆ ಹಾಡುವ ಹುಡುಗ ಸಂಜಯ್, ಎಲ್ಲರ ಕಣ್ಮಣಿ. ಅವನಿಗೆ ಕಾಲೇಜು ಹುಡುಗಿ ಗೀತಾಳ ಮೇಲೆ ಪ್ರೀತಿ. ಅಲ್ಲಿಂದ ಮುಂದಕ್ಕೆ ಅವಳಿಗೆ ರಕ್ತದ ಕ್ಯಾನ್ಸರ್. ಕಥೆಯಾಗಿ ಹೇಳಿದರೆ ಇಷ್ಟೇ, ಮತ್ತು ಆ ಕಾಲಕ್ಕೆ ಅದು ಹೊಸದೇನೂ ಅಲ್ಲ. ಹಿಂದಿಯಲ್ಲಿ 1978ರ ‘ಅಖಿಯೋಂ ಕೆ ಝರೋಖೋಂ ಸೆ’ ಆಗಲೇ ಕಣ್ಣೀರು ಹರಿಸಿ ಹೋಗಿತ್ತು. ಆದರೆ ಶಂಕರ್‌ನಾಗ್‌ಗೆ ಆಗ ಇಪ್ಪತ್ತಾರು-ಇಪ್ಪತ್ತೇಳು ವರ್ಷ. ‘ಒಂದಾನೊಂದು ಕಾಲದಲ್ಲಿ’ಯ ಕತ್ತಿ ಕೆಳಗಿಟ್ಟು ನಾಲ್ಕು ವರ್ಷವೂ ಆಗಿರಲಿಲ್ಲ. ಆ ಪ್ರಾಯದ ಹುಡುಕಾಟ ಇಡೀ ಸಿನಿಮಾದಲ್ಲಿ ಇದೆ. ಚಪ್ಪಾಳೆಯ ಅಭ್ಯಾಸವಾದ ಹುಡುಗನೊಬ್ಬ, ಚಪ್ಪಾಳೆ ಏನನ್ನೂ ಮಾಡಲಾಗದ ಜಾಗಕ್ಕೆ ಬಂದು ನಿಂತಾಗ ದೊಡ್ಡವನಾಗಬೇಕಾಗುತ್ತದೆ. ಹಾಡು ಬರುವವನಿಗೆ ಹಾಡು ಸಾಲದಾಗುವ ಕಥೆ ಅದು. ನಮ್ಮ ಸಿನಿಮಾದಲ್ಲಿ ಇಪ್ಪತ್ತರ ಹುಡುಗರು ದೊಡ್ಡವರಾಗುವುದು ಸಾಮಾನ್ಯವಾಗಿ ಹೊಡೆದಾಡಿ. ಈತ ಹೊಡೆದಾಡದೆ ಆಗುತ್ತಾನೆ. ಜನ ಅದನ್ನು ಯಾಕೆ ಗಮನಿಸಲಿಲ್ಲವೋ.

ಗೀತಾ ಆದ ಅಕ್ಷತಾ ರಾವ್, ಅರುಂಧತಿ ನಾಗ್ ಅವರ ಸೋದರಿ; ಮುಂದೆ ಪದ್ಮಾವತಿ ರಾವ್ ಅನ್ನುವ ಹೆಸರಿನಲ್ಲಿ ಹಿಂದಿ ಚಿತ್ರಗಳಲ್ಲೂ ನಟಿಸಿದರು. ಹದಿನೇಳರಲ್ಲಿ ಟಾಕೀಸಿನಲ್ಲಿ ನೋಡಿದಾಗ ಆಕೆಯ ಮುಖ ನನಗೆ ಅಷ್ಟು ಸಾಕಾಗಿರಲಿಲ್ಲ. ಪಕ್ಕದ ಮನೆಯ ಹುಡುಗಿ ಥರ ಇದಾಳೆ, ಹೀರೋಯಿನ್ ಥರ ಇಲ್ಲ ಅಂತ ನಾವೆಲ್ಲ ಹೊರಬಂದು ಮಾತಾಡಿಕೊಂಡದ್ದು ನೆನಪಿದೆ. ಈಗ ನೋಡಿದರೆ ಸಿನಿಮಾ ನಿಂತಿರುವುದೇ ಆ ಮುಖದ ಮೇಲೆ. ರಂಗು ಬಳಿಯದೆ ಇದ್ದದ್ದರಿಂದಲೇ ಇಷ್ಟು ವರ್ಷವಾದರೂ ಅದು ಹಳತಾಗಿಲ್ಲ. ಸಂಜಯ್‌ನ ಬಟ್ಟೆಗಳು ಹಳತಾಗಿವೆ.

ಕಾಯಿಲೆಯ ಭಾಗ ಹಾಗಲ್ಲ. ಅಲ್ಲಿ ಸಿನಿಮಾ ಕಾಲದ ಜೊತೆಗೆ ರಾಜಿಯಾಗಿದೆ. ಸಾಯುವ ಹುಡುಗಿ ಅಂದರೆ ಇನ್ನಷ್ಟು ಚೆಂದ ಅನ್ನುವ ಆ ಕಾಲದ ಭ್ರಮೆಗೆ ಶಂಕರ್‌ನಾಗ್ ಕೂಡ ಹೊರತಾಗಲಿಲ್ಲ. ನನ್ನ ಹಿಂದಿನ ಸಾಲಿನಲ್ಲಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದ ಒಬ್ಬರು ಕೂತಿದ್ದರು. ಕಣ್ಣೊರೆಸಿಕೊಳ್ಳುತ್ತಿದ್ದವರ ನಡುವೆ ಅವರೊಬ್ಬರೇ ಸಿಡುಕುತ್ತಿದ್ದರು. “ಸಿನಿಮಾದವರಿಗೆ ಬ್ಲಡ್ ಕ್ಯಾನ್ಸರ್ ಅಂದ್ರೆ ಒಂದೇ. ಅದರಲ್ಲಿ ಎಷ್ಟು ಬಗೆ ಇದೆ ಅಂತ ನಮಗೆ ಗೊತ್ತು. ಒಂದು ಬಗೆಗೆ ಈಗ ದಿನಕ್ಕೊಂದು ಮಾತ್ರೆ ನುಂಗಿಕೊಂಡು ಮಕ್ಕಳ ಮದುವೆ ಮಾಡಿದವರಿದಾರೆ.” ಅವರು ಹೇಳಿದ್ದು ಇಮ್ಯಾಟಿನಿಬ್ ಮಾತ್ರೆಯ ಬಗ್ಗೆ, 2001ರಲ್ಲಿ ಅದು ಬಂದ ಮೇಲೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಅನ್ನುವ ಬಗೆಯ ಚಿತ್ರವೇ ಬದಲಾಯಿತು. ವಾರ್ಡಿನಲ್ಲಿ ಯಾರೂ ಇಷ್ಟು ಚೆಂದವಾಗಿ ಕಾಣುತ್ತಿರಲಿಲ್ಲ ಅಂತಲೂ ಸೇರಿಸಿದರು. ಆದರೂ ಎದ್ದು ಹೋಗಲಿಲ್ಲ, ಕೊನೆಯ ಟೈಟಲ್‌ವರೆಗೆ ಕೂತಿದ್ದರು.

ನನ್ನನ್ನು ಕಾಡಿದ್ದು ಕಾಯಿಲೆಗಿಂತ ಸಣ್ಣ ಸಂಗತಿ. ಈ ಸಿನಿಮಾದ ಹಾಡುಗಳನ್ನು ಊರೂರಲ್ಲಿ ಬಾರಿಸಿದವನಿಗೆ ಯಾವತ್ತೂ ಹೊಳೆಯದೆ ಇದ್ದದ್ದು ಪರದೆಯ ಮೇಲೆ ಸಾಲಾಗಿ ನೋಡಿದಾಗ ಹೊಳೆಯಿತು. ಸಿನಿಮಾಕ್ಕೆ ಹೆಸರು ಅವಳದ್ದು. ಹಾಡುಗಳೆಲ್ಲ ಅವನದ್ದು. ಎಸ್‌ಪಿಬಿ ಕುಣಿಸುತ್ತಾರೆ, ಹಂಬಲಿಸುತ್ತಾರೆ, ಕರೆಯುತ್ತಾರೆ, ಅಳುತ್ತಾರೆ. ಹೆಣ್ಣಿನ ದನಿ ಬರುವುದು ಒಂದರಲ್ಲಿ, ಆ ಯುಗಳಗೀತೆಯಲ್ಲಿ, ಅದೂ ಅವನ ಜೊತೆಗೆ. ಜಾನಕಿಯಂಥ ಜಾನಕಿ ಮದ್ರಾಸಿನಲ್ಲಿ ಇದ್ದರು. ಸಾವು ಎದುರಿಗಿರುವವಳು ಅವಳು. ಅವಳಿಗೆ ಒಂದು ಹಾಡು ಒಬ್ಬಳೇ ಹಾಡಿಕೊಳ್ಳಲು ಇರಲಿಲ್ಲವೇ? ಬೇಕಂತ ಮಾಡಿದ್ದೋ, ಆ ಕಾಲದಲ್ಲಿ ಯಾರಿಗೂ ಅದೊಂದು ಪ್ರಶ್ನೆ ಅನ್ನಿಸಲಿಲ್ಲವೋ. ಎರಡನೆಯದೇ ಇರಬೇಕು. ನಮ್ಮ ವೇದಿಕೆಯ ಮೇಲೂ ‘ಗೀತಾ’ದ ಸರದಿ ಬಂದಾಗ ಆ ಒಂದು ಹಾಡು ಮುಗಿಸಿ ನಮ್ಮ ಗಾಯಕಿ ಹೋಗಿ ಕುರ್ಚಿಯಲ್ಲಿ ಕೂರುತ್ತಿದ್ದಳು, ಉಳಿದ ಹಾಡುಗಳುದ್ದಕ್ಕೂ ಗಾಯಕ ಅವಳನ್ನು ತೋರಿಸುತ್ತ ಹಾಡುತ್ತಿದ್ದ.

ಆರ್ಕೆಸ್ಟ್ರಾದಿಂದ ಮೊದಲು ಹೊರಬಿದ್ದವನು ನಾನು. ಯಾರೂ ಹೊರಗೆ ಹಾಕಲಿಲ್ಲ. ಎಂಬತ್ತರ ದಶಕದ ಕೊನೆಗೆ ಶಿವಮೊಗ್ಗದಿಂದ ಆಕ್ಟೋಪ್ಯಾಡ್ ಇದ್ದ ಒಬ್ಬ ಹುಡುಗ ಬಂದ. ಎಂಟು ಚೌಕ, ಕಡ್ಡಿಯಲ್ಲಿ ತಟ್ಟಿದರೆ ಒಂದೊಂದರಲ್ಲಿ ಒಂದೊಂದು ಸದ್ದು: ಟ್ಯಾಂಬೊರಿನ್, ಬ್ಲಾಕು, ಗೆಜ್ಜೆ. ನನ್ನ ಬೆಂಚಿನ ಮೇಲಿದ್ದದ್ದೆಲ್ಲ ಅದರೊಳಗಿತ್ತು, ಬೋರ್ನ್‌ವಿಟಾ ಡಬ್ಬಿ ಸಮೇತ. ಆಮೇಲೆ ಕೀಬೋರ್ಡು ಬಂತು, ಗುಂಡಿ ಒತ್ತಿದರೆ ತಾನೇ ತಾಳ ಹಾಕುವಂಥದ್ದು, ಅದಕ್ಕೆ ಕಾಂಗೊ ಹೋಯಿತು, ಅಕಾರ್ಡಿಯನ್ ಹೋಯಿತು. ಅನಂತರ ಟ್ರ್ಯಾಕು ಬಂದು ಎಲ್ಲರೂ ಹೋದರು. ನಾನು ಅಷ್ಟರಲ್ಲಿ ಬೆಂಗಳೂರಿಗೆ ಬಂದು ಗುಮಾಸ್ತಗಿರಿ ಹಿಡಿದಿದ್ದೆ. ದುಃಖ ಅಂತೇನೂ ಆಗಲಿಲ್ಲ. ರಾತ್ರಿ ನಿದ್ದೆ ಬರುತ್ತಿತ್ತು.

1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಶಂಕರ್‌ನಾಗ್ ಕಾರು ಲಾರಿಗೆ ಗುದ್ದಿತು. ಅದಾದ ಕೆಲವೇ ದಿನಗಳಲ್ಲಿ ಯಜಮಾನರ ಕಾಗದ ಬಂತು: ಶ್ರದ್ಧಾಂಜಲಿ ಕಾರ್ಯಕ್ರಮಗಳು ಸಾಲಾಗಿವೆ, ರಜೆ ಹಾಕಿ ಬಾ, ಹಳೆಯ ಸೆಟ್ಟೇ ಬೇಕು ಅಂತಿದಾರೆ. ಈ ಮಾತನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮ ಆರ್ಕೆಸ್ಟ್ರಾದ ಇತಿಹಾಸದಲ್ಲಿ ಅತಿ ಹೆಚ್ಚು ಬುಕಿಂಗ್ ಬಂದದ್ದು ಆ ಸಾವಿನ ಕಾಲದಲ್ಲಿ. ಆಟೊದವರು, ಕನ್ನಡ ಸಂಘದವರು, ಕಾಲೇಜಿನವರು, ಎಲ್ಲರಿಗೂ ‘ಗೀತಾ’ದ ಹಾಡೇ ಬೇಕು. ಕುಣಿಯುವ ಹಾಡಿಗೆ ಜನ ಅಳುತ್ತ ನಿಂತರು. ಆ ತನಕ ನಾವು ಬಾರಿಸಿದ್ದು ಬರೀ ಟ್ಯೂನು. ಅಂದು ಕಥೆ ಬಂದು ಹಾಡಿನೊಳಗೆ ಕೂತುಕೊಂಡಿತು, ಗೀತಾಳ ಬದಲು ಸಂಜಯನೇ ಹೋದ ಕಥೆ.

ಅಂಥ ಒಂದು ದೊಡ್ಡ ಕಾರ್ಯಕ್ರಮಕ್ಕೆ ನಮ್ಮ ಗಾಯಕಿಯೂ ಬಂದಳು. ಮದುವೆಯಾಗಿ ಸೇಲಂ ಕಡೆ ಹೋಗಿದ್ದವಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ವೇದಿಕೆಯ ಹಿಂದೆ ಅಮ್ಮನ ತೊಡೆಯ ಮೇಲೆ ಮಗು ಮಲಗಿತ್ತು. ಆ ರಾತ್ರಿ ನೋಟ್‌ಬುಕ್ ಇಲ್ಲದೆ ಹಾಡಿದಳು. ಸಂಘಟಕರು ಕಲೆಕ್ಷನ್ ಆದ ಮೇಲೆ ಕೊಡುತ್ತೇವೆ ಅಂದರು, ಕಲೆಕ್ಷನ್ ಆದ ಮೇಲೆ ಇದು ಶ್ರದ್ಧಾಂಜಲಿಯಲ್ಲವೇ, ಸೇವೆ ಅಂದುಕೊಳ್ಳಿ ಅಂದರು. ಯಜಮಾನರು ಯಾರ ಹತ್ತಿರವೋ ಕೈಗಡ ತಂದು ಬಸ್ ಚಾರ್ಜು ಕೊಟ್ಟು ಕಳಿಸಿದರು.

ಮೂವತ್ತು ವರ್ಷದ ಮೇಲೆ, 2020ರ ಸೆಪ್ಟೆಂಬರ್ 25ರಂದು ಎಸ್‌ಪಿಬಿ ಹೋದರು. ಕೊರೊನಾ ಕಾಲ, ವೇದಿಕೆಗಳೇ ಇಲ್ಲ. ಶ್ರದ್ಧಾಂಜಲಿಗಳೆಲ್ಲ ಫೋನಿನೊಳಗೆ ನಡೆದವು. ನಮ್ಮ ಗಾಯಕ ಕೆಇಬಿಯಲ್ಲಿ ಕಾಯಂ ಆಗಿ, ಲೈನ್‌ಮನ್ ಆಗಿ, ನಿವೃತ್ತನಾಗಿ, ಈಗ ಸ್ಮ್ಯೂಲ್ ಅನ್ನುವ ಹಾಡಿನ ಆ್ಯಪಿನಲ್ಲಿ ಹಾಡುತ್ತಾನೆ. ಆ ವಾರ ಅವನು ‘ಜೊತೆಯಲಿ’ ಹಾಕಿದ್ದ. ಅವನ ಜೊತೆ ಜಾನಕಿಯ ಭಾಗ ಹಾಡಿದಾಕೆ ಮಸ್ಕತ್ತಿನಲ್ಲಿರುವ ಮಂಗಳೂರಿನ ಗೃಹಿಣಿ, ಇಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ. ಹಿಂದೆ ಇಡೀ ಆರ್ಕೆಸ್ಟ್ರಾ ಇದೆ, ಪಿಟೀಲುಗಳ ದಂಡೂ ಇದೆ, ಬೇಸ್ ಕೂಡ ಇದೆ. ಶ್ರುತಿಯೂ ಸರಿ ಇದೆ. ಕೇಳಿ ನಾನು ಮೆಚ್ಚಿಕೊಂಡೆ, ನಿಜವಾಗಿಯೇ. ನಮ್ಮ ಕಾಲದಲ್ಲಿ ಎಲ್ಲ ಚೆನ್ನಾಗಿತ್ತು ಅನ್ನುವವರು ನಮ್ಮ ಅಕಾರ್ಡಿಯನ್ ಬಿಜಿಎಂ ಕೇಳಿರಲಿಕ್ಕಿಲ್ಲ. ಮಸ್ಕತ್ತಿನ ಆಕೆಗೆ ಅಮ್ಮನನ್ನು ಕರೆದುಕೊಂಡು ರಾತ್ರಿ ಬಸ್ಸಿನಲ್ಲಿ ಬರಬೇಕಾದ ಕರ್ಮವೂ ಇಲ್ಲ.

ಪಾರ್ಕಿನಲ್ಲಿ ಸಿನಿಮಾ ನೋಡಿ ಬಂದ ವಾರ ಯಜಮಾನರಿಗೆ ಫೋನ್ ಮಾಡಿದೆ. ಎಂಬತ್ತು ದಾಟಿದ್ದಾರೆ, ಕಿವಿ ಮಂದ. ಅವರ ಮಗನ ಮೂಲಕ ನಮ್ಮ ಗಾಯಕಿಯ ನಂಬರು ಸಿಕ್ಕಿತು. ಸೇಲಂನಲ್ಲೇ ಇದ್ದಾಳೆ, ಅಂದು ಅಮ್ಮನ ತೊಡೆಯ ಮೇಲಿದ್ದ ಮಗು ಈಗ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ. ಕನ್ನಡ ಅರ್ಧ ಮರೆತಿದ್ದಾಳೆ, ಹಾಡು ಪೂರ್ತಿ ನೆನಪಿದೆ. ‘ಗೀತಾ’ ನೋಡಿ ಬಂದೆ ಅಂದೆ. ತಾನು ಯಾವತ್ತೂ ನೋಡಿಲ್ಲ ಅಂದಳು. ಟಾಕೀಸಿನ ಸೆಕೆಂಡ್ ಶೋ ಹೊತ್ತಿಗೇ ನಮ್ಮ ಪ್ರೋಗ್ರಾಂ ಇರುತ್ತಿತ್ತಲ್ಲ, ಫಸ್ಟ್ ಶೋಗೆ ಅಮ್ಮ ಬಿಡುತ್ತಿರಲಿಲ್ಲ. ಹಾಗಾದರೆ ಹಾಡಿನ ಹುಡುಗಿ ಹೇಗಿದಾಳೆ ಅಂದುಕೊಂಡಿದ್ದೆ ಅಂತ ಕೇಳಿದರೆ, “ಏನೂ ಅಂದ್ಕೊಂಡಿಲ್ಲ. ಎರಡನೇ ಚರಣಕ್ಕೆ ಉಸಿರು ಎಲ್ಲಿ ತಗೋಬೇಕು ಅನ್ನೋದೇ ಯೋಚನೆ” ಅಂದಳು.

ಲಿಂಕ್ ಕಳಿಸಿದೆ. ನೋಡಿ ತಾನೇ ಫೋನ್ ಮಾಡಿದಳು. ಆ ಹೆಣ್ಣಿಗೆ ಒಂದೇ ಹಾಡು, ಅದೂ ಪಾಲಿನದ್ದು, ಅನ್ಯಾಯ ಅಲ್ವಾ ಅಂತ ನಾನು ನನ್ನ ಶೋಧನೆಯನ್ನು ಮುಂದಿಟ್ಟೆ. ಅವಳಿಗೆ ಅದರಲ್ಲಿ ಅಂಥ ಆಸಕ್ತಿ ಇರಲಿಲ್ಲ. “ಒಂದೇ ಇದ್ದಿದ್ದು ಒಳ್ಳೇದಾಯ್ತು ಬಿಡು. ‘ಗೀತಾ’ ಬಂದಾಗ ಅರ್ಧ ಗಂಟೆ ಕೂತ್ಕೋಬಹುದಿತ್ತು, ಗಂಟಲಿಗೆ ರೆಸ್ಟು” ಅಂತ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಅವತ್ತಿನ ಶ್ರದ್ಧಾಂಜಲಿ ಪ್ರೋಗ್ರಾಂ ದುಡ್ಡು ಯಜಮಾನರಿಗೆ ಕೊನೆಗಾದರೂ ಬಂತಾ ಅಂತ ಕೇಳಿದಳು. ಬಂದಿಲ್ಲ ಅಂದೆ. ಎಷ್ಟು ಮಾತಾಗಿತ್ತು ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು: ಅವಳ ಪಾಲಿಗೆ ಇನ್ನೂರು, ತಬಲಕ್ಕೆ ನೂರಿಪ್ಪತ್ತು, ಗಾಯಕನಿಗೆ ನೂರೈವತ್ತು. ಸೈಡ್ ರಿದಮ್ಮಿಗೆ ಎಷ್ಟು ಅಂದೆ. ಊರು ಬಿಟ್ಟು ರಜೆ ಹಾಕಿ ಬಂದಿದೀಯ ಅಂತ ನಿಂಗೂ ನೂರು ಬರೆಸಿದ್ರು, ಗೊತ್ತಿರಲಿಲ್ವಾ ಅಂದಳು.